ಹೆಣ್ಣಿನ ತೋಳ್ಬಲಕ್ಕೆ ಒಲಿದ ಕಂಚು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಗದ್ದೆಬಯಲುಗಳಿಂದ ಭತ್ತದ ಹೊರೆಯನ್ನು ತಲೆಯ ಮೇಲೆ ಹೊತ್ತು ಅಂಗಳಕ್ಕೆ ತಂದವರು ಹೆಣ್ಣುಮಕ್ಕಳು. ಮೀನಿನ ಬುಟ್ಟಿ ಹೊತ್ತು ಊರೂರು ನಡೆದವರೂ ಅವರೇ. ಆ ಭಾರವನ್ನು ದುಡಿಮೆಯೆಂದು ಎಲ್ಲರೂ ಒಪ್ಪಿದೆವು. ಆದರೆ ಮನೆಮಗಳು ವ್ಯಾಯಾಮಶಾಲೆಯಲ್ಲಿ ಕಬ್ಬಿಣದ ಭಾರ ಎತ್ತುವೆನೆಂದರೆ, ಮೈಕಟ್ಟು ಗಂಡಸಿನಂತಾದೀತು, ನಾಳೆ ಸಂಬಂಧ ಕೂಡಿಬಾರದೆಂದು ಹಿರಿಯರು ಅಳುಕುತ್ತಾರೆ.

ಹೆಣ್ಣಿನ ಬಲಕ್ಕೆ ಜಗತ್ತಿನ ಮನ್ನಣೆಯೂ ತಡವಾಗಿಯೇ ದೊರೆಯಿತು. ಅಮೆರಿಕದ ಲೀಸಾ ಲಯನ್ ಮಹಿಳಾ ದೇಹದಾರ್ಢ್ಯದ ಮೊದಲ ವಿಶ್ವ ಸ್ಪರ್ಧೆಯನ್ನು ಗೆದ್ದದ್ದು 1979ರಲ್ಲಿ. ರೇಚೆಲ್ ಮೆಕ್ಲಿಶ್ ಪ್ರಥಮ 'ಮಿಸ್ ಒಲಿಂಪಿಯ' ಎನಿಸಿದ್ದು 1980ರಲ್ಲಿ. ಭಾರ ಎತ್ತುವ ಮಹಿಳೆಯರಿಗೆ ಒಲಿಂಪಿಕ್ಸ್‌ನ ಬಾಗಿಲು ತೆರೆದದ್ದು 2000ದಲ್ಲಿ, ಸಿಡ್ನಿಯಲ್ಲಿ.

ಆ ಬಾಗಿಲನ್ನು ದಾಟಿದವರಲ್ಲಿ ನೆರೆಯ ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಕರ್ಣಂ ಮಲ್ಲೇಶ್ವರಿ ಒಬ್ಬರು. 1994 ಮತ್ತು 1995ರಲ್ಲಿ ಅವರು ವಿಶ್ವ ಚಾಂಪಿಯನ್ ಆಗಿದ್ದರು. 1997ರಲ್ಲಿ ವಿವಾಹಿತರಾಗಿ ಗೃಹಿಣಿಯೂ ಆಗಿದ್ದರು. 2000ದ ಸೆಪ್ಟೆಂಬರ್ 19ರಂದು 69 ಕಿಲೋ ವಿಭಾಗದಲ್ಲಿ ಅವರು ಸ್ನ್ಯಾಚ್‌ನಲ್ಲಿ, ಅಂದರೆ ನೆಲದಿಂದ ಒಂದೇ ಸೆಳೆತಕ್ಕೆ, 110 ಕಿಲೋ ಭಾರವನ್ನು ತಲೆಯ ಮೇಲಕ್ಕೆತ್ತಿದರು. ಮೊದಲು ಭುಜಕ್ಕೆ ತಂದು ಬಳಿಕ ಮೇಲಕ್ಕೆತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 130 ಕಿಲೋ ಎತ್ತಿದರು. ಒಟ್ಟು 240. ಕೊನೆಯ ಯತ್ನಕ್ಕೆ ಅವರು ಆರಿಸಿಕೊಂಡದ್ದು 137.5 ಕಿಲೋ. ಅದು ಕೈಗೂಡಿದ್ದರೆ ಚಿನ್ನ ಅವರದಾಗುತ್ತಿತ್ತು, ಕೈಗೂಡಲಿಲ್ಲ. ಚಿನ್ನ ಮತ್ತು ಬೆಳ್ಳಿ ಗೆದ್ದವರಿಬ್ಬರ ಮೊತ್ತವೂ 242.5. ಎರಡೂವರೆ ಕಿಲೋ ಅಂತರದಲ್ಲಿ ಬಂದ ಆ ಕಂಚು, ಭಾರತೀಯ ಮಹಿಳೆಯೊಬ್ಬರು ಗಳಿಸಿದ ಮೊದಲ ಒಲಿಂಪಿಕ್ ಪದಕ.

ಕುಂದಾಪುರದ ಬಳಿಯ ವಂಡ್ಸೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕಿಲೋ ಎತ್ತಿ ಬೆಳ್ಳಿ, 2022ರಲ್ಲಿ 269 ಕಿಲೋ ಎತ್ತಿ ಕಂಚು ತಂದರು. ವಾಹನ ಚಾಲಕರ ಮಗನ ಆ ಸಾಧನೆಗೆ ಕರಾವಳಿಯೇ ಹೆಮ್ಮೆಪಟ್ಟಿತು. ಅದೇ ಹೆಮ್ಮೆಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಬೇಡವೇ?

ತಾಯಂದಿರ ಭಯಕ್ಕೆ ಆಧಾರ ಕಡಿಮೆ. ಸ್ನಾಯುಗಳನ್ನು ಬೆಳೆಸುವ ಟೆಸ್ಟೊಸ್ಟಿರಾನ್ ಸ್ತ್ರೀದೇಹದಲ್ಲಿ ಅತ್ಯಲ್ಪ. ಆದ್ದರಿಂದ ನಿತ್ಯದ ವ್ಯಾಯಾಮದಿಂದ ಮೈ ಗಂಡಸಿನಂತಾಗದು. ಬದಲಾಗಿ ಎಲುಬು ಗಟ್ಟಿಯಾಗುತ್ತದೆ. ಇದು ಮುಪ್ಪಿನಲ್ಲಿ ಸವೆಯುವ ಮೂಳೆಗೆ ಆಸರೆ. ಬಲ್ಲ ತರಬೇತುದಾರರ ಬಳಿ, ಮೊದಲು ಹಗುರವಾದ ಕೋಲಿನಿಂದ ಭಂಗಿಯನ್ನು ಕಲಿತು, ಕ್ರಮೇಣ ಭಾರ ಹೆಚ್ಚಿಸಬೇಕು. ಮಗಳು ಕೇಳಿದಾಗ ಕರೆದುಕೊಂಡು ಹೋಗಿ ಸೇರಿಸುವುದು ನಮ್ಮ ಪಾಲಿನ ಕೆಲಸ.