ಒಂದು ಟಿಪ್ಪಣಿ, ಒಂದು ಹೊಸ ತಾರೀಖು



ಹಳೆಯ ಕನ್ನಡ ಪುಸ್ತಕಗಳಲ್ಲಿ ‘ತಪ್ಪು-ಒಪ್ಪು’ ಎಂಬ ಪಟ್ಟಿ ಇರುತ್ತಿದ್ದದ್ದು ನಿಮಗೆಲ್ಲ ನೆನಪಿರಬೇಕು. ಅಚ್ಚಾದ ಮೇಲೆ ಕಣ್ಣಿಗೆ ಬಿದ್ದ ದೋಷಗಳನ್ನು ಒಂದು ಪುಟದಲ್ಲಿ ಕೊಟ್ಟು, ‘ಓದುಗರು ತಿದ್ದಿಕೊಂಡು ಓದಬೇಕು’ ಎಂದು ಕೈಮುಗಿದುಬಿಡುತ್ತಿದ್ದರು. ನಾವು ಯಾರೂ ತಿದ್ದಿಕೊಳ್ಳುತ್ತಿರಲಿಲ್ಲ, ಆ ಮಾತು ಬೇರೆ! ಕಾಗುಣಿತ ತಪ್ಪಿದರೆ ಯಾರ ಆರೋಗ್ಯವೂ ಕೆಡುವುದಿಲ್ಲ. ಆದರೆ ವೈದ್ಯರು ನೆಚ್ಚುವ ಬರಹಕ್ಕೆ ಇಂಥ ಚೀಟಿ ಅಂಟಿಸಬೇಕಾಗಿ ಬಂದರೆ?

ಕಾಕ್ರೇನ್ ಎಂಬ ಸಂಸ್ಥೆಯ ಹೆಸರನ್ನು ನಮ್ಮ ಬಳಗದ ಡಾಕ್ಟರುಗಳು ಬಲ್ಲರು. ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್ ಅವರ ಹೆಸರಿನಲ್ಲಿ 1993ರಲ್ಲಿ ಹುಟ್ಟಿದ್ದು. ಒಂದು ಚಿಕಿತ್ಸೆಯ ಬಗ್ಗೆ ಜಗತ್ತಿನಲ್ಲಿ ನಡೆದ ಪ್ರಯೋಗಗಳನ್ನೆಲ್ಲ ಹುಡುಕಿ, ಜೊಳ್ಳು ತೂರಿ, ಉಳಿದ ಕಾಳನ್ನು ಒಟ್ಟಿಗೆ ತೂಗಿ ಸಮೀಕ್ಷೆ ಬರೆಯುವುದು ಅದರ ಕಸುಬು. 2007ರಲ್ಲಿ ಭಾರತದ ಐ.ಸಿ.ಎಂ.ಆರ್. ಇಡೀ ದೇಶಕ್ಕೆ ಪರವಾನಗಿ ಕೊಂಡದ್ದರಿಂದ ದಾವಣಗೆರೆಯ ವೈದ್ಯರಿಗೂ ಈ ಸಮೀಕ್ಷೆಗಳು ಬಿಟ್ಟಿಯಾಗಿ ಸಿಗುವಂತಾಯಿತು.

ಈ ಸಮೀಕ್ಷೆಗಳಲ್ಲಿ ಒಂದು, ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ಕಾಯಿಲೆಗೆ ವ್ಯಾಯಾಮ ಚಿಕಿತ್ಸೆಯಾದೀತೇ ಎಂಬುದನ್ನು ಕುರಿತದ್ದು. ಇದು ‘ಸುಸ್ತು’ ಎಂದು ನಾವು ಹಗುರವಾಗಿ ಹೇಳುವ ಸುಸ್ತಲ್ಲ. ಸ್ವಲ್ಪ ಶ್ರಮಪಟ್ಟರೂ ಮರುದಿನವೋ ಅದರ ಮರುದಿನವೋ ರೋಗಿ ನೆಲಕಚ್ಚುತ್ತಾನೆ, ಕೆಲವರು ವರ್ಷಗಟ್ಟಲೆ ಹಾಸಿಗೆಯಿಂದ ಏಳುವುದಿಲ್ಲ. ನಾವಿರುವ ರೆಡ್‌ವುಡ್ ಸಿಟಿಯ ನೆರೆಯಲ್ಲೇ, ಸ್ಟ್ಯಾನ್‌ಫರ್ಡ್‌ನ ಹೆಸರಾಂತ ತಳಿವಿಜ್ಞಾನಿ ರೊನಾಲ್ಡ್ ಡೇವಿಸ್ ತಮ್ಮ ಮಗನಿಗೇ ಈ ಕಾಯಿಲೆ ಬಂದ ಮೇಲೆ ಇದರ ಸಂಶೋಧನೆಗೆ ತೊಡಗಿದರು. ಇಂಥ ರೋಗಿಗೆ ‘ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ನಡೆಯಪ್ಪ’ ಎಂದು ಹೇಳುವುದು ಔಷಧವೋ ಹಾನಿಯೋ? ಜಗಳವೆಲ್ಲ ಇದರ ಮೇಲೆಯೇ.

ಸಮೀಕ್ಷೆ ಎಂಟು ಪ್ರಯೋಗಗಳನ್ನು, 1518 ಜನರನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ವ್ಯಾಯಾಮದಿಂದ ಬಳಲಿಕೆ ಕಡಿಮೆಯಾಗುತ್ತದೆ ಎಂಬುದು ಅದರ ಒಟ್ಟು ಧೋರಣೆ. ರೋಗಿಗಳು ಆಕ್ಷೇಪಿಸಿದರು. 2019ರ ಅಕ್ಟೋಬರಿನಲ್ಲಿ ತಿದ್ದಿದ ಆವೃತ್ತಿ ಬಂತು. ಅದರ ಮಾತು ಮೆತ್ತಗಾಗಿತ್ತು: ಬಳಲಿಕೆ ಬಹುಶಃ ಕಡಿಮೆಯಾದೀತು, ದುಷ್ಪರಿಣಾಮಗಳ ಬಗ್ಗೆ ಖಚಿತವಾಗಿ ಹೇಳಲಾಗದು. ಜೊತೆಗೆ ಪ್ರಧಾನ ಸಂಪಾದಕಿ ಕಾರ್ಲಾ ಸೊರೆಸ್-ವೈಸರ್ ಒಂದು ಮಾತನ್ನು ಒಪ್ಪಿಕೊಂಡರು: ಇದರ ಪ್ರಶ್ನೆ ಮತ್ತು ವಿಧಾನ 2002ರ ಕಾಲದವು, ಇದರೊಳಗಿನ ಪ್ರಯೋಗಗಳು ರೋಗವನ್ನು ಗುರುತಿಸಿದ ಬಗೆ 1990ರ ದಶಕದ್ದು. ಆ ಹಳೆಯ ವ್ಯಾಖ್ಯೆಗಳಲ್ಲಿ ಶ್ರಮದ ನಂತರದ ಕುಸಿತ ಇರಲೇಬೇಕೆಂಬ ನಿಯಮವಿರಲಿಲ್ಲ. ಅಂದಮೇಲೆ ಪ್ರಯೋಗದಲ್ಲಿ ನಡೆದಾಡಿ ಚೇತರಿಸಿಕೊಂಡವರಿಗೆ ಇದೇ ಕಾಯಿಲೆ ಇತ್ತೇ ಎಂಬುದೇ ಪ್ರಶ್ನೆ.

ಪೂರಾ ಹೊಸದಾಗಿ ಬರೆಯುತ್ತೇವೆ ಎಂದು ಕಾಕ್ರೇನ್ ಮಾತು ಕೊಟ್ಟಿತು. ಹಿಲ್ಡಾ ಬಾಸ್ಟಿಯನ್ ಅವರ ನೇತೃತ್ವದಲ್ಲಿ ಸ್ವತಂತ್ರ ಸಲಹಾ ಮಂಡಳಿಯೂ ಆಯಿತು. ಈ ನಡುವೆ 2021ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ, ಹಂತಹಂತವಾಗಿ ಏರಿಸುವ ವ್ಯಾಯಾಮವನ್ನು ಈ ರೋಗಿಗಳಿಗೆ ಚಿಕಿತ್ಸೆಯೆಂದು ಕೊಡಬೇಡಿ ಎಂದು ತನ್ನ ಮಾರ್ಗಸೂಚಿಯನ್ನೇ ಬದಲಿಸಿತು. ಕಾಕ್ರೇನ್ ಮಾತ್ರ 2024ರ ಡಿಸೆಂಬರಿನಲ್ಲಿ ಹೊಸ ಬರವಣಿಗೆಯ ಕೆಲಸವನ್ನು ಕೈಬಿಟ್ಟಿತು. ಕೈಬಿಟ್ಟದ್ದನ್ನು ತಿಳಿಸಲು ಹಳೆಯ ಸಮೀಕ್ಷೆಗೆ ಸಂಪಾದಕರ ಟಿಪ್ಪಣಿಯೊಂದನ್ನು ಸೇರಿಸಿತು; 2019ರಲ್ಲಿ ಪ್ರಕಟಿಸಿದ ನಿರ್ಧಾರಕ್ಕೆ ತಾನು ಬದ್ಧ ಎಂದೂ ಅದರಲ್ಲೇ ಹೇಳಿತು.

ಈಗ ನಮ್ಮ ವೃತ್ತಿಯ ಕಣ್ಣಿಗೆ ಚುಚ್ಚಿದ ಸಂಗತಿ. ಟಿಪ್ಪಣಿ ಸೇರಿದ್ದೇ ತಡ, ಸಮೀಕ್ಷೆಗೆ ಹೊಸ ಆವೃತ್ತಿಯ ಸಂಖ್ಯೆ ಬಂತು, ಉಲ್ಲೇಖದಲ್ಲಿ 2024 ಎಂಬ ಇಸವಿ ಕೂತಿತು. ತಂತ್ರಾಂಶ ಬರೆಯುವ ನಾವು ಪ್ರೋಗ್ರಾಮಿನ ಒಂದು ಸಾಲೂ ಮುಟ್ಟದೆ, ಮೇಲೊಂದು ಕಾಮೆಂಟು ಹಾಕಿ, ‘ಹೊಸ ರಿಲೀಸ್ ಬಂದಿದೆ’ ಎಂದು ಗ್ರಾಹಕರಿಗೆ ಕಳಿಸಿದರೆ ಏನಾದೀತು ಹೇಳಿ! ಬೈಸಿಕೊಂಡರೆ ಅದು ನ್ಯಾಯವೇ. ಇಲ್ಲಿ ಗ್ರಾಹಕ ಯಾರೆಂದರೆ, ಅವಸರದಲ್ಲಿ ಹುಡುಕುವ ವೈದ್ಯ, ಅಥವಾ ಕ್ಲೇಮು ತಿರಸ್ಕರಿಸಲು ಕಾರಣ ಬೇಕಾದ ವಿಮಾ ಕಂಪನಿಯವನು. ಅವನಿಗೆ ಕಾಣುವುದು ‘ವ್ಯಾಯಾಮ ಚಿಕಿತ್ಸೆ, ಕಾಕ್ರೇನ್, 2024’ ಎಂಬಷ್ಟೇ. ನೈಸ್ 2021ರಲ್ಲಿ ಹೇಳಿದ್ದಕ್ಕಿಂತ ಇದು ಈಚಿನದು ಎಂದು ಅವನು ತಿಳಿದರೆ ಅವನ ತಪ್ಪಲ್ಲ. ಎಚ್ಚರಿಸಬೇಕಾದ ಟಿಪ್ಪಣಿಯೇ ಹಳೆಯ ಸರಕಿಗೆ ಹೊಸ ಮುದ್ರೆ ಒತ್ತಿದಂತಾಯಿತು.

ಟಿಪ್ಪಣಿಯೇ ಬೇಡ ಎಂಬುದು ನಮ್ಮ ವಾದವಲ್ಲ. 2023ರಲ್ಲಿ ಮಾಸ್ಕ್ ಕುರಿತ ಕಾಕ್ರೇನ್ ಸಮೀಕ್ಷೆಯನ್ನು ಹಿಡಿದು ‘ಮಾಸ್ಕ್ ದಂಡ’ ಎಂದು ಹಲವರು ಕೂಗಿದಾಗ, ಅದು ತಪ್ಪು ಅರ್ಥ ಎಂದು ಇದೇ ಸಂಪಾದಕಿ ಮಾರ್ಚಿನಲ್ಲಿ ಪ್ರಕಟಣೆ ಕೊಟ್ಟದ್ದು ಒಳ್ಳೆಯದೇ ಆಯಿತು. ನಮ್ಮ ಹಳಗನ್ನಡ ಕಾವ್ಯಗಳ ಸಂಪಾದಕರೂ ಪದ್ಯದ ಕೆಳಗೆ ಪಾಠಾಂತರ ಕೊಟ್ಟರು, ಆದರೆ ಅದಕ್ಕಾಗಿ ಕವಿಯ ಕಾಲವನ್ನು ಈಚೆಗೆ ತರಲಿಲ್ಲ. ಟಿಪ್ಪಣಿಗೆ ಅದರದೇ ತಾರೀಖು, ಸಮೀಕ್ಷೆಗೆ ಅದರ ಹಳೆಯ ತಾರೀಖು, ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಲು ಮಹಾ ತಂತ್ರಜ್ಞಾನವೇನೂ ಬೇಡ.

ಊರಿನಿಂದ ಅಪ್ಪ-ಅಮ್ಮ ಫೋನು ಮಾಡಿ ‘ಈ ಚಿಕಿತ್ಸೆ ಹೇಗಪ್ಪಾ, ಸ್ವಲ್ಪ ನೋಡಿ ಹೇಳು’ ಎಂದಾಗ ನಾವೆಲ್ಲ ಹುಡುಕುವವರೇ. ಅಂಥ ಹೊತ್ತಿನಲ್ಲಿ ಸಮೀಕ್ಷೆಯ ತಲೆಯ ಮೇಲಿನ ಇಸವಿಯನ್ನು ಬಿಟ್ಟು, ಒಳಗೆ ‘ಪ್ರಯೋಗಗಳಿಗಾಗಿ ಎಂದಿನವರೆಗೆ ಹುಡುಕಿದೆವು’ ಎಂದು ಬರೆದ ಸಾಲನ್ನು ನೋಡಿ. 2024 ಎಂಬ ಮುದ್ರೆ ಹೊತ್ತ ಈ ಸಮೀಕ್ಷೆಯಲ್ಲಿ ಆ ತಾರೀಖು ಮೇ 2014.