ಮಂಜುಗಡ್ಡೆಯ ಮೇಲೆ ನಾಲ್ಕು ಸುತ್ತು

ತೆಂಕುತಿಟ್ಟಿನ ಯಕ್ಷಗಾನದಲ್ಲಿ ಪುಂಡುವೇಷಧಾರಿಯು ಧೀಂಗಿಣ ಹೊಡೆಯತೊಡಗಿದನೆಂದರೆ ಮಕ್ಕಳು ಸುತ್ತುಗಳನ್ನು ಎಣಿಸುತ್ತಾರೆ. ಬಲ್ಲ ಹಿರಿಯರಾದರೋ ಪಾದವು ಚೆಂಡೆಯ ಪೆಟ್ಟಿಗೆ ಸರಿಯಾಗಿ ನೆಲ ಮುಟ್ಟಿತೇ ಎಂಬುದನ್ನು ನೋಡುತ್ತಾರೆ. ಮಂಜುಗಡ್ಡೆಯ ಮೇಲೆ ನಡೆಯುವ ಫಿಗರ್ ಸ್ಕೇಟಿಂಗ್‌ನಲ್ಲಿಯೂ ಇಂಥ ಎರಡು ಬಗೆಯ ನೋಟಗಳುಂಟು.

ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದಂಥ ಬಡಾವಣೆಗಳ ಮಕ್ಕಳಿಗೆ ಗಾಲಿಯ ಸ್ಕೇಟುಗಳು ಪರಿಚಿತ. ಇಲ್ಲಿ ಗಾಲಿಗೆ ಬದಲು ಉಕ್ಕಿನ ಅಲಗು. ವೇಗವಾಗಿ ಜಾರಿಬಂದ ಆಟಗಾರನು ಮೇಲಕ್ಕೆ ಚಿಮ್ಮಿ, ತೋಳುಗಳನ್ನು ಎದೆಗೆ ಅವುಚಿಕೊಂಡು ತಿರುಗುತ್ತಾನೆ. ಮೈ ಮುದುಡಿದಷ್ಟೂ ತಿರುಗುವ ವೇಗ ಹೆಚ್ಚು. ಒಂದು ಸೆಕೆಂಡಿಗೂ ಕಡಿಮೆ ಕಾಲದಲ್ಲಿ ನಾಲ್ಕು ಸುತ್ತು ಮುಗಿಸಿ, ಹಿಮ್ಮುಖವಾಗಿ, ಒಂದೇ ಕಾಲಿನ ಮೇಲೆ ಇಳಿಯಬೇಕು. ನೆಗೆತಗಳಲ್ಲಿ ಆರು ಬಗೆ. 1988ರಲ್ಲಿ ಬುಡಾಪೆಸ್ಟ್‌ನ ವಿಶ್ವ ಸ್ಪರ್ಧೆಯಲ್ಲಿ ಕೆನಡಾದ ಕರ್ಟ್ ಬ್ರೌನಿಂಗ್ ಟೋ ಲೂಪ್ ಎಂಬ ನೆಗೆತವನ್ನು ನಾಲ್ಕು ಸುತ್ತುಗಳಲ್ಲಿ ಮುಗಿಸಿ ಅಧಿಕೃತ ಮನ್ನಣೆ ಪಡೆದ ಮೊದಲಿಗನಾದನು. ಮುಮ್ಮುಖವಾಗಿ ಚಿಮ್ಮುವುದರಿಂದ ಇನ್ನೂ ಅರ್ಧ ಸುತ್ತು ಬೇಡುವ ಆಕ್ಸೆಲ್ ಮಾತ್ರ 2022ರವರೆಗೆ ಯಾರಿಗೂ ಒಲಿಯಲಿಲ್ಲ. ಆ ವರ್ಷ ಅಮೆರಿಕದ ಇಲಿಯಾ ಮಲಿನಿನ್ ಅದನ್ನೂ ಸಾಧಿಸಿದನು.

ಆದರೆ ಸುತ್ತು ತುಂಬಿದ ಮಾತ್ರಕ್ಕೆ ನೆಗೆತ ಉತ್ತಮವೆನಿಸದು. ಪ್ರತಿ ನೆಗೆತಕ್ಕೂ ಒಂದು ಮೂಲಬೆಲೆಯುಂಟು. ಅದರ ಎತ್ತರ, ದೂರ, ಇಳಿದ ನಯ ಇವನ್ನು ನೋಡಿ ತೀರ್ಪುಗಾರರು ಐದು ದರ್ಜೆ ಏರಿಸಬಹುದು, ಐದು ದರ್ಜೆ ಇಳಿಸಲೂಬಹುದು. 2018ರಲ್ಲಿ ಜಾರಿಗೆ ಬಂದ ನಿಯಮದಂತೆ ಒಂದೊಂದು ದರ್ಜೆಯೂ ಮೂಲಬೆಲೆಯ ಹತ್ತನೆಯ ಒಂದು ಪಾಲು. ನಾಲ್ಕು ಸುತ್ತಿನ ಲಟ್ಜ್ ನೆಗೆತದ ಮೂಲಬೆಲೆ 11.5 ಅಂಕ. ಎಲ್ಲರೂ ಮೆಚ್ಚಿದರೆ ಅದು 17.25 ಆಗುತ್ತದೆ. ಬಿದ್ದರೆ 5.75ಕ್ಕೆ ಇಳಿದು, ಬಿದ್ದ ತಪ್ಪಿಗೆ ಮತ್ತೊಂದು ಅಂಕ ಕಳೆದು, 4.75 ಉಳಿಯುತ್ತದೆ. ಮೂರೇ ಸುತ್ತಿನ ಲಟ್ಜನ್ನು ಸಾಧಾರಣವಾಗಿ, ತಪ್ಪಿಲ್ಲದೆ ಮಾಡಿದವನಿಗೆ 5.9 ಅಂಕ!

2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ರಷ್ಯದ ಪ್ಲುಶೆಂಕೊ ನಾಲ್ಕು ಸುತ್ತು ನೆಗೆದನು. ಒಮ್ಮೆಯೂ ನಾಲ್ಕು ಸುತ್ತಿಗೆ ಕೈಹಾಕದ ಅಮೆರಿಕದ ಲೈಸಾಚೆಕ್ 1.31 ಅಂಕದಿಂದ ಚಿನ್ನ ಗೆದ್ದನು. ಈ ತೀರ್ಪು ಬಹುಕಾಲ ವಾದಕ್ಕೆ ಎಡೆಮಾಡಿತು.

ಸ್ಪರ್ಧೆಯಲ್ಲಿ ಕಿರು ಪ್ರದರ್ಶನ, ದೀರ್ಘ ಪ್ರದರ್ಶನ ಎಂಬ ಎರಡು ಘಟ್ಟಗಳಿರುವುದರಿಂದ ಸ್ಥಿರತೆಯ ಪರೀಕ್ಷೆಯೂ ಕಠಿಣ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಕಿರು ಪ್ರದರ್ಶನದಲ್ಲಿ ಅಮೆರಿಕದ ನೇಥನ್ ಚೆನ್ ನೆಗೆತಗಳನ್ನು ಕೆಡಿಸಿಕೊಂಡು 17ನೆಯ ಸ್ಥಾನಕ್ಕೆ ಕುಸಿದನು. ಮರುದಿನ ನಾಲ್ಕು ಸುತ್ತಿನ ಆರು ನೆಗೆತಗಳನ್ನು ಬೀಳದೆ ಮುಗಿಸಿ, ದೀರ್ಘ ಪ್ರದರ್ಶನದ ಅತ್ಯುಚ್ಚ ಅಂಕವಾದ 215.08 ಪಡೆದನು. ಆದರೂ ಒಟ್ಟು ಲೆಕ್ಕದಲ್ಲಿ ಅವನು 5ನೆಯವನು. ಚಿನ್ನ ದೊರೆತುದು ಜಪಾನಿನ ಯುಜುರು ಹನ್ಯೂವಿಗೆ. ಕಾಲಿನ ಗಾಯದಿಂದ ಆಗತಾನೆ ಚೇತರಿಸಿಕೊಂಡಿದ್ದ ಅವನು ನಾಲ್ಕು ಸುತ್ತಿನ ಲಟ್ಜ್, ಲೂಪ್‌ಗಳನ್ನು ಕೈಬಿಟ್ಟು, ಟೋ ಲೂಪ್, ಸಾಲ್ಕೋ ಎರಡನ್ನೇ ನಂಬಿ ಎರಡು ದಿನವೂ ಬೀಳದೆ ನಿಂತನು. ನಾಲ್ಕು ವರ್ಷಗಳ ಅನಂತರ ಬೀಜಿಂಗ್‌ನ ದೀರ್ಘ ಪ್ರದರ್ಶನದಲ್ಲಿ ಚೆನ್ ನೆಗೆದುದು ನಾಲ್ಕು ಸುತ್ತಿನ ಐದು ನೆಗೆತಗಳನ್ನು. ಆಗ ಅವನಿಗೆ ಚಿನ್ನ ಬಂದಿತು.