ಅಳಿಸಿಹೋದ ಟೇಪು, ಉಳಿದುಬಂದ ಹಾಡು

ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ಬಂದರು ನಗರದ ನಾಲ್ವರು ಹುಡುಗರು 1962ರಿಂದ 1965ರವರೆಗಿನ ಮೂರು ಚಿಲ್ಲರೆ ವರ್ಷಗಳಲ್ಲಿ ಬಿ.ಬಿ.ಸಿ. ಬಾನುಲಿಯ 52 ಕಾರ್ಯಕ್ರಮಗಳಲ್ಲಿ ಹಾಡಿದರು. 88 ಬೇರೆ ಬೇರೆ ಹಾಡುಗಳನ್ನು ಒಟ್ಟು 275 ಸಲ ನುಡಿಸಿದರು. ಇವುಗಳಲ್ಲಿ 36 ಹಾಡುಗಳು, ತಂಡ ಒಟ್ಟಾಗಿದ್ದ ಕಾಲದಲ್ಲಿ, ಅವರ ಕಂಪೆನಿ ಹೊರತಂದ ಯಾವ ಗ್ರಾಮಫೋನ್ ತಟ್ಟೆಯಲ್ಲೂ ಬರಲಿಲ್ಲ. ಆ ತಂಡದ ಹೆಸರು ಬೀಟಲ್ಸ್.

ಇಷ್ಟು ಹೇಳಿದರೆ, ಆ ಟೇಪುಗಳನ್ನು ಬಿ.ಬಿ.ಸಿ. ಬೀಗಹಾಕಿದ ಕಪಾಟಿನಲ್ಲಿಟ್ಟು ಜೋಪಾನ ಮಾಡಿರಬೇಕು ಎಂದು ಯಾರಾದರೂ ಭಾವಿಸಿಯಾರು. ನಡೆದದ್ದು ಬೇರೆ. ಹಾಡು ಪ್ರಸಾರವಾದ ಮೇಲೆ ಹೆಚ್ಚಿನ ಟೇಪುಗಳನ್ನು ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿಕೊಳ್ಳಲಾಯಿತು. ಟೇಪಿಗೆ ಬೆಲೆಯಿತ್ತು. ಅದರೊಳಗಿದ್ದ ಹುಡುಗರ ಹಾಡು ಈ ವಾರದ ಸರಕು, ಮುಂದಿನ ವಾರಕ್ಕೆ ಮತ್ತೊಂದು ಬಂದೇ ಬರುತ್ತದೆ ಎಂಬುದು ಅಂದಿನ ಲೆಕ್ಕಾಚಾರ. ಹಾಗಿದ್ದೂ ಆ ಹಾಡುಗಳಲ್ಲಿ ಬಹುಪಾಲು ಇಂದು ಕೇಳಲು ಸಿಗುತ್ತವೆ. ಅವು ಉಳಿದುಬಂದ ಬಗೆಯೇ ಒಂದು ಕಥೆ.

ತಟ್ಟೆಗಳಿಗೆ ಪಡಿತರ

ಮನೆಮನೆಯಲ್ಲಿ ತಟ್ಟೆ ಮಾರಾಟವಾಗುತ್ತಿದ್ದ ಕಾಲದಲ್ಲಿ ಬಾನುಲಿ ನಿಲಯ ಈ ತಂಡವನ್ನು ಮತ್ತೆ ಮತ್ತೆ ಕರೆಸಿ ಹಾಡಿಸಿದ್ದೇಕೆ? ತಟ್ಟೆಯನ್ನೇ ಹಾಕಿದ್ದರೆ ಸಾಕಾಗುತ್ತಿರಲಿಲ್ಲವೇ?

ಸಾಕಾಗುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಆಗ ಬಾನುಲಿಯವರು ಗ್ರಾಮಫೋನ್ ತಟ್ಟೆ ನುಡಿಸಲು ಗಂಟೆಗಳ ಲೆಕ್ಕದಲ್ಲಿ ಮಿತಿಯಿತ್ತು. ಇದಕ್ಕೆ ‘ನೀಡಲ್ ಟೈಮ್’, ಅಂದರೆ ಸೂಜಿಯ ಸಮಯ, ಎಂದು ಹೆಸರು. ಬಾನುಲಿಯಲ್ಲಿ ಪುಕ್ಕಟೆ ಕೇಳಿದವರು ಅಂಗಡಿಯಲ್ಲಿ ದುಡ್ಡು ಕೊಟ್ಟು ತಟ್ಟೆ ಕೊಳ್ಳುತ್ತಾರೆಯೇ ಎಂಬುದು ತಟ್ಟೆ ಕಂಪೆನಿಗಳ ಅಂಜಿಕೆ. ಎಲ್ಲವೂ ತಟ್ಟೆಯಿಂದಲೇ ಬಂದರೆ ಪಿಟೀಲು, ಕಹಳೆ ನುಡಿಸಿ ಹೊಟ್ಟೆ ಹೊರೆಯುವವರ ಗತಿಯೇನು ಎಂಬುದು ವಾದ್ಯಗಾರರ ಸಂಘದ ವಾದ. ಎರಡೂ ಸೇರಿ ಬಿ.ಬಿ.ಸಿ.ಗೆ ತಟ್ಟೆಯ ಪಡಿತರ ಬಿತ್ತು. ಉಳಿದ ಹೊತ್ತನ್ನು ಜೀವಂತ ವಾದ್ಯಗೋಷ್ಠಿಯಿಂದಲೇ ತುಂಬಬೇಕಿತ್ತು.

ಹೀಗಾಗಿ ಜನಪ್ರಿಯ ತಂಡಗಳನ್ನು ಸ್ಟುಡಿಯೋಕ್ಕೆ ಕರೆಸಿ, ಅವರ ತಟ್ಟೆಯ ಹಾಡುಗಳನ್ನೇ ಮತ್ತೆ ಹಾಡಿಸಿ, ಟೇಪು ಮಾಡಿಕೊಂಡು ಪ್ರಸಾರ ಮಾಡುವ ಪದ್ಧತಿ ಬೆಳೆಯಿತು. ‘ಸ್ಯಾಟರ್‌ಡೇ ಕ್ಲಬ್’, ‘ಈಸಿ ಬೀಟ್’ ಮುಂತಾದ ಕಾರ್ಯಕ್ರಮಗಳು ನಡೆದದ್ದು ಹೀಗೆ. ಸರ್ಕಾರಿ ಗುಮಾಸ್ತಿಕೆಯಂತೆ ಕಾಣುವ ಒಂದು ನಿಯಮ, ತನಗೇ ಅರಿವಿಲ್ಲದೆ, ಒಂದು ಸಂಗೀತ ಭಂಡಾರವನ್ನು ಹುಟ್ಟಿಸಿತು.

ಒಂದೇ ದಿನ 18 ಹಾಡು

1962ರ ಫೆಬ್ರವರಿಯಲ್ಲಿ ತಂಡ ಮ್ಯಾಂಚೆಸ್ಟರಿನಲ್ಲಿ ಬಾನುಲಿಯ ಧ್ವನಿಪರೀಕ್ಷೆಗೆ ಹಾಜರಾಯಿತು. ಪರೀಕ್ಷೆ ಮಾಡಿದ ನಿರ್ಮಾಪಕ ಪೀಟರ್ ಪಿಲ್‌ಬೀಮ್ ತನ್ನ ವರದಿಯಲ್ಲಿ ಜಾನ್ ಲೆನನ್ ಗಾಯನಕ್ಕೆ ‘ಆಗಬಹುದು’ ಎಂದೂ ಪಾಲ್ ಮೆಕಾರ್ಟ್ನಿ ಗಾಯನಕ್ಕೆ ‘ಬೇಡ’ ಎಂದೂ ಬರೆದ! ಆದರೂ ತಂಡವನ್ನು ತೆಗೆದುಕೊಂಡ. ಮಾರ್ಚ್ 7ರಂದು ಮ್ಯಾಂಚೆಸ್ಟರಿನ ಪ್ಲೇಹೌಸ್ ಥಿಯೇಟರಿನಲ್ಲಿ ಮುದ್ರಿಸಿದ ಕಾರ್ಯಕ್ರಮ ಮರುದಿನ ಪ್ರಸಾರವಾಯಿತು. ಡ್ರಮ್ಮಿನ ಮುಂದೆ ರಿಂಗೋ ಸ್ಟಾರ್ ಇನ್ನೂ ಬಂದಿರಲಿಲ್ಲ. ಅಂದು ಬಾರಿಸಿದವನು ಪೀಟ್ ಬೆಸ್ಟ್. ಅವರ ಮೊದಲ ಸ್ವಂತ ತಟ್ಟೆ ಅಂಗಡಿಗೆ ಬರಲು ಇನ್ನೂ ಏಳು ತಿಂಗಳಿತ್ತು.

1963 ಬರುವ ಹೊತ್ತಿಗೆ ಪರಿಸ್ಥಿತಿ ತಲೆಕೆಳಗಾಯಿತು. ತಂಡದ ಹೆಸರಿನಲ್ಲೇ ‘ಪಾಪ್ ಗೋ ದಿ ಬೀಟಲ್ಸ್’ ಎಂಬ ವಾರದ ಕಾರ್ಯಕ್ರಮ ಜೂನ್ 4ರಂದು ಆರಂಭವಾಯಿತು. ಒಂದು ಹಳೆಯ ಶಿಶುಗೀತೆಯ ಧಾಟಿಯನ್ನೇ ರಾಕ್ ಅಂಡ್ ರೋಲಿಗೆ ತಿರುಗಿಸಿ ಶೀರ್ಷಿಕೆ ಸಂಗೀತ ಮಾಡಿಕೊಂಡರು. ಮೊದಲು ಗೊತ್ತುಮಾಡಿದ್ದು ನಾಲ್ಕೇ ವಾರ. ಕೇಳುಗರ ಒಲವು ಕಂಡು ಅದು ಹದಿನೈದು ವಾರಗಳಿಗೆ ಬೆಳೆದು, ಸೆಪ್ಟೆಂಬರ್ 24ರಂದು ಮುಗಿಯಿತು.

ಅವರ ದುಡಿಮೆಯ ವೇಗವನ್ನು ಗಮನಿಸಬೇಕು. 1963ರ ಫೆಬ್ರವರಿ 11ರಂದು ಲಂಡನ್ನಿನ ಇ.ಎಂ.ಐ. ಸ್ಟುಡಿಯೋದಲ್ಲಿ ಒಂದೇ ದಿನ ಹತ್ತು ಹಾಡು ಮುದ್ರಿಸಿ ಮೊದಲ ಆಲ್ಬಮ್ ಪೂರೈಸಿದ್ದನ್ನು ಇಂದಿಗೂ ಸಾಹಸವೆಂದು ವರ್ಣಿಸುತ್ತಾರೆ. ಅದೇ ವರ್ಷ ಜುಲೈ 16ರಂದು ಲಂಡನ್ನಿನ ಬಿ.ಬಿ.ಸಿ. ಪ್ಯಾರಿಸ್ ಥಿಯೇಟರಿನಲ್ಲಿ ಇದೇ ಹುಡುಗರು ಏಳು ಗಂಟೆಗೂ ಕಡಿಮೆ ಅವಧಿಯಲ್ಲಿ 18 ಹಾಡು ಮುದ್ರಿಸಿದರು. ಮೂರು ವಾರಗಳ ಕಾರ್ಯಕ್ರಮ ಒಂದೇ ದಿನಕ್ಕೆ ಮುಗಿಯಿತು.

ಅಲ್ಲಿ ಹತ್ತಾರು ಪಟ್ಟಿಗಳ ಟೇಪು ಯಂತ್ರವಿರಲಿಲ್ಲ. ದನಿ, ಗಿಟಾರು, ಡ್ರಮ್ಮು ಎಲ್ಲವೂ ಒಂದೇ ಪಟ್ಟಿಗೆ ಒಟ್ಟಿಗೇ ಇಳಿಯಬೇಕು. ಹಾಡಿನ ಮಧ್ಯೆ ಒಬ್ಬ ಮುಗ್ಗರಿಸಿದರೆ ಆ ತಪ್ಪನ್ನು ಮಾತ್ರ ಕಿತ್ತುಹಾಕಲು ಬಾರದು. ಮೊದಲಿಂದ ಹಾಡಬೇಕು, ಇಲ್ಲವೇ ಇದ್ದಂತೆ ಬಿಡಬೇಕು. ಅನೇಕ ಸಲ ಬಿಟ್ಟರು.

ಇಷ್ಟೊಂದು ಹಾಡು ಒದಗಿಸಿದ್ದು ಎಲ್ಲಿಂದ? ಸ್ವಂತ ರಚನೆಗಳು ಆಗಿನ್ನೂ ಕೈಬೆರಳೆಣಿಕೆಯವು. ಜರ್ಮನಿಯ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಹಾಡಿ ಕಲಿತ ಹಳೆಯ ಬುತ್ತಿಯನ್ನು ಬಿಚ್ಚಿದರು. ಚಕ್ ಬೆರ್ರಿ, ಲಿಟ್ಲ್ ರಿಚರ್ಡ್, ಕಾರ್ಲ್ ಪರ್ಕಿನ್ಸ್ ಮುಂತಾದ ಅಮೆರಿಕದ ಗಾಯಕರ ಹಾಡುಗಳು ಹೀಗೆ ಬಾನುಲಿಗೆ ಬಂದವು. ಆರ್ಥರ್ ಅಲೆಕ್ಸಾಂಡರ್ ಎಂಬ ಕಪ್ಪು ಗಾಯಕ ಹಾಡಿದ್ದ ‘ಸೋಲ್ಜರ್ ಆಫ್ ಲವ್’ ಎಂಬುದನ್ನು ಲೆನನ್ ಹಾಡಿರುವುದನ್ನು ಕೇಳಿದವರು, ಇದನ್ನು ಏಕೆ ತಟ್ಟೆ ಮಾಡಲಿಲ್ಲ ಎಂದು ಕೇಳುವುದುಂಟು. ಲೆನನ್-ಮೆಕಾರ್ಟ್ನಿ ಜೋಡಿಯೇ ಬರೆದು ಬಿಲ್ಲಿ ಜೆ. ಕ್ರೇಮರ್ ಎಂಬ ಗಾಯಕನಿಗೆ ಕೊಟ್ಟುಬಿಟ್ಟ ‘ಐ ವಿಲ್ ಬಿ ಆನ್ ಮೈ ವೇ’ ಕೂಡ ಅವರ ದನಿಯಲ್ಲಿ ಉಳಿದಿರುವುದು ಬಾನುಲಿಯ ಟೇಪಿನಿಂದಲೇ.

ಕಿರಿಚಾಟದಲ್ಲಿ ಮುಳುಗಿದ ಕಛೇರಿ

ಬಾನುಲಿಯ ಟೇಪಿಗೆ ಇಷ್ಟು ಬೆಲೆ ಏಕೆಂದು ತಿಳಿಯಲು ಇದೇ ತಂಡದ ಬಯಲು ಕಛೇರಿಗಳ ಮುದ್ರಣವನ್ನು ಪಕ್ಕದಲ್ಲಿಟ್ಟು ಕೇಳಬೇಕು. ಅಮೆರಿಕದ ಲಾಸ್ ಏಂಜಲೀಸಿನ ಹಾಲಿವುಡ್ ಬೌಲ್ ಬಯಲು ರಂಗದಲ್ಲಿ 1964ರ ಆಗಸ್ಟ್ 23ರಂದೂ 1965ರ ಆಗಸ್ಟ್ 29 ಮತ್ತು 30ರಂದೂ ತಂಡ ಹಾಡಿತು. ಕ್ಯಾಪಿಟಲ್ ಕಂಪೆನಿ ಮೂರು ಪಟ್ಟಿಯ ಯಂತ್ರ ತಂದು ಮುದ್ರಿಸಿತು. ಟೇಪು ತಿರುಗಿಸಿ ಕೇಳಿದರೆ ಸಾವಿರಾರು ಹುಡುಗಿಯರ ಕಿರಿಚಾಟವೇ ಕಿರಿಚಾಟ! ಹಾಡು ಅದರಡಿಯಲ್ಲೆಲ್ಲೋ ಹೂತುಹೋಗಿತ್ತು. ಟೇಪುಗಳು ಕಪಾಟು ಸೇರಿದವು.

ಹಾಡುವವರ ಪಾಡು ಇನ್ನೂ ಕಷ್ಟದ್ದು. ಇಂದಿನ ವೇದಿಕೆಗಳಲ್ಲಿ ಗಾಯಕನ ಕಾಲ ಬಳಿ ಅವನ ದನಿಯನ್ನು ಅವನಿಗೇ ಕೇಳಿಸುವ ಸ್ಪೀಕರು ಇರುತ್ತದೆ. ಅವರಿಗೆ ಅದಿರಲಿಲ್ಲ. ತನ್ನ ಮುಂದೆ ನಿಂತವರ ಮೈ ಕುಣಿತವನ್ನು ನೋಡಿ ಹಾಡು ಎಲ್ಲಿದೆಯೆಂದು ಊಹಿಸಿಕೊಂಡು ಬಾರಿಸುತ್ತಿದ್ದೆ ಎಂದು ರಿಂಗೋ ಮುಂದೆ ನೆನಪಿಸಿಕೊಂಡಿದ್ದುಂಟು. ತಮ್ಮ ಕಛೇರಿ ತಮಗೇ ಕೇಳಿಸದ ಮೇಲೆ ಕೈಯ ಹದ ಉಳಿಯುವುದು ಹೇಗೆ? 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಹಾಡಿದ್ದೇ ಟಿಕೆಟ್ಟಿನ ಕಡೆಯ ಕಛೇರಿ. ಮೆಕಾರ್ಟ್ನಿ ಕೇಳಿಕೊಂಡದ್ದರಿಂದ ತಂಡದ ಪತ್ರಿಕಾ ಅಧಿಕಾರಿ ಟೋನಿ ಬ್ಯಾರೋ ಅದನ್ನು ಪುಟ್ಟ ಕ್ಯಾಸೆಟ್ ಯಂತ್ರದಲ್ಲಿ ಹಿಡಿದ. ಕೊನೆಯ ಹಾಡಿನ ಮಧ್ಯದಲ್ಲೇ ಕ್ಯಾಸೆಟ್ಟು ಮುಗಿದುಹೋಯಿತು.

ಮನೆಯ ಕ್ಯಾಸೆಟ್ಟಿನಲ್ಲಿ ಕೇಳುವ ಸಂಗೀತಕ್ಕೂ ರಾಮೋತ್ಸವದ ಚಪ್ಪರದಲ್ಲಿ ಕೇಳುವ ಸಂಗೀತಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ರಸಿಕರಿಗೆ ಬಿಡಿಸಿ ಹೇಳಬೇಕಿಲ್ಲ. ಬೀಟಲ್ಸ್ ತಂಡದ ಸ್ಟುಡಿಯೋ ತಟ್ಟೆಗಳು ತಿದ್ದಿ ತೀಡಿದವು. ಕಛೇರಿಗಳು ಜನರ ಗದ್ದಲದಲ್ಲಿ ಕರಗಿದವು. ನಾಲ್ಕು ಜನ ಒಟ್ಟಿಗೆ ನಿಂತು, ಒಬ್ಬರನ್ನೊಬ್ಬರು ಕೇಳಿಸಿಕೊಂಡು, ಬೆವರು ಹರಿಸಿ ನುಡಿಸಿದ್ದು ಹೇಗಿತ್ತೆಂದು ತಿಳಿಯಲು ಬಹುಮಟ್ಟಿಗೆ ಉಳಿದಿರುವುದು ಬಾನುಲಿಯ ಈ ಮುದ್ರಣಗಳೇ.

ಕೇಳುಗರ ಮನೆಯಿಂದ ಬಂದದ್ದು

ಕಳೆದುಹೋದುದನ್ನು ಹುಡುಕುವ ಕೆಲಸ ಶುರುವಾದದ್ದು ತಡವಾಗಿ. ಬಿ.ಬಿ.ಸಿ.ಯ ನಿರ್ಮಾಪಕ ಕೆವಿನ್ ಹೌಲೆಟ್, ಮೊದಲ ಪ್ರಸಾರಕ್ಕೆ ಇಪ್ಪತ್ತು ವರ್ಷ ತುಂಬಿದ 1982ರಲ್ಲಿ, ಸಿಕ್ಕಷ್ಟನ್ನು ಸೇರಿಸಿ ವಿಶೇಷ ಕಾರ್ಯಕ್ರಮ ರೂಪಿಸಿದ. 1988ರಲ್ಲಿ ಹದಿನಾಲ್ಕು ಕಂತುಗಳ ಸರಣಿ ಬಂತು. ಕೆಲವು ಹಾಡುಗಳು, ಹೊರದೇಶದ ನಿಲಯಗಳಿಗೆ ಕಳಿಸಲೆಂದು ಒತ್ತಿಸಿದ್ದ ತಟ್ಟೆಗಳಲ್ಲಿ ದೊರೆತವು. ಇನ್ನು ಕೆಲವು ದೊರೆತದ್ದು ಸಾಮಾನ್ಯ ಕೇಳುಗರ ಮನೆಯಲ್ಲಿ. ರೇಡಿಯೋದ ಬಳಿ ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡವರು ಅದನ್ನು ಎಸೆಯದೆ ಇಟ್ಟುಕೊಂಡಿದ್ದರು. ಸಂಸ್ಥೆ ಅಳಿಸಿದ್ದನ್ನು ಅಭಿಮಾನಿ ಉಳಿಸಿದ್ದ.

ಈ ನಡುವೆ ಕಳ್ಳ ತಟ್ಟೆಗಳ ವ್ಯಾಪಾರವೂ ಜೋರಾಗಿತ್ತು. 1993ರಲ್ಲಿ ಇಟಲಿಯಲ್ಲಿ ಒಂಬತ್ತು ಸಿ.ಡಿ.ಗಳ ಕಟ್ಟೇ ಹೊರಬಂತು. ಅಧಿಕೃತವಾದದ್ದು ಬಂದದ್ದು 1994ರ ನವೆಂಬರ್ 30ರಂದು. ‘ಲೈವ್ ಅಟ್ ದಿ ಬಿ.ಬಿ.ಸಿ.’ ಎಂಬ ಜೋಡಿ ಆಲ್ಬಮ್ಮಿನಲ್ಲಿ 56 ಹಾಡುಗಳ ಜೊತೆಗೆ ನಿರೂಪಕರೊಂದಿಗಿನ ಹರಟೆ, ಕೀಟಲೆಗಳೂ ಇದ್ದವು. ತಂಡ ಒಡೆದು 24 ವರ್ಷವಾಗಿದ್ದರೂ ಅದು ಬ್ರಿಟನ್ನಿನಲ್ಲಿ ಮಾರಾಟದ ಮೊದಲ ಸ್ಥಾನಕ್ಕೇರಿತು. ಎರಡನೆಯ ಸಂಪುಟ 2013ರಲ್ಲಿ ಬಂತು. ಮೂಲೆ ಸೇರಿದ್ದ ಹಾಲಿವುಡ್ ಬೌಲ್ ಟೇಪುಗಳನ್ನು ತಂಡದ ನಿರ್ಮಾಪಕ ಜಾರ್ಜ್ ಮಾರ್ಟಿನ್ 1977ರಲ್ಲಿ ತಕ್ಕಮಟ್ಟಿಗೆ ಸರಿಮಾಡಿ ಹೊರತಂದಿದ್ದ. 2016ರಲ್ಲಿ ಅವನ ಮಗ ಗೈಲ್ಸ್ ಮಾರ್ಟಿನ್, ಕಿರಿಚಾಟದಿಂದ ಹಾಡನ್ನು ಬೇರ್ಪಡಿಸುವ ಹೊಸ ಕಂಪ್ಯೂಟರ್ ವಿಧಾನ ಬಳಸಿ ಮತ್ತೆ ಹೊರತಂದ.

ಹಾಡು ಯಾರ ಸೊತ್ತು?

ಉಳಿಸಿದವರೆಲ್ಲ ಒಂದೇ ಬಗೆಯವರಲ್ಲ. 1962ರ ಡಿಸೆಂಬರ್ ಕೊನೆಯಲ್ಲಿ ಹ್ಯಾಂಬರ್ಗಿನ ಸ್ಟಾರ್ ಕ್ಲಬ್ಬಿನಲ್ಲಿ ಮನೆಬಳಕೆಯ ಯಂತ್ರವೊಂದು ತಂಡದ ಹಾಡನ್ನು ಹಿಡಿದಿತ್ತು. 1977ರಲ್ಲಿ ಅದು, ಬೀಟಲ್ಸ್ ಬೇಡವೆಂದರೂ, ಆಲ್ಬಮ್ಮಾಗಿ ಮಾರಾಟಕ್ಕೆ ಬಂತು. 1998ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಜಾರ್ಜ್ ಹ್ಯಾರಿಸನ್ ಖುದ್ದಾಗಿ ಸಾಕ್ಷಿ ನುಡಿದ. ತೀರ್ಪು ತಂಡದ ಪರವಾಯಿತು. ಒಪ್ಪಿಗೆಯಿಲ್ಲದೆ ಹಿಡಿದ ದನಿಯನ್ನು ಮಾರುವುದು ತಪ್ಪು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಟೇಪು ಇಲ್ಲದಿದ್ದರೆ ಹ್ಯಾಂಬರ್ಗಿನ ಆ ರಾತ್ರಿಗಳು ಮಾತಿನಲ್ಲಿ ಮಾತ್ರ ಉಳಿಯುತ್ತಿದ್ದವು ಎಂಬುದೂ ನಿಜ.

ಮತ್ತೊಂದು ಟೇಪಿನ ಕಥೆ ಬೇರೆ. 1963ರ ಏಪ್ರಿಲ್ 4ರಂದು ತಂಡ ಸ್ಟೋವ್ ಎಂಬ ವಸತಿಶಾಲೆಯಲ್ಲಿ ಹುಡುಗರ ಮುಂದೆ ಹಾಡಿತು. ಹದಿನೈದು ವರ್ಷದ ವಿದ್ಯಾರ್ಥಿಯೊಬ್ಬ ಅದನ್ನು ಟೇಪು ಮಾಡಿಟ್ಟಿದ್ದ. ಅರವತ್ತು ವರ್ಷಗಳ ನಂತರ, 2023ರಲ್ಲಿ, ಅದು ಬೆಳಕಿಗೆ ಬಂತು. ಸುಮಾರು ಒಂದು ಗಂಟೆಯ ಆ ಟೇಪಿನಲ್ಲಿ ಹಾಡುಗಳ ನಡುವಿನ ಮಾತುಕತೆಯೂ ಕೇಳಿಸುತ್ತದೆ. ಆ ಸುದ್ದಿಯನ್ನು ಲೋಕಕ್ಕೆ ತಿಳಿಸಿದ್ದು, ಒಂದು ಕಾಲಕ್ಕೆ ಟೇಪು ಅಳಿಸಿದ್ದ ಅದೇ ಬಿ.ಬಿ.ಸಿ.!

ಅಂದಿನ ಅಧಿಕಾರಿಗಳನ್ನು ಹಳಿಯುವುದು ಸುಲಭ. ಟೇಪು ದುಬಾರಿ, ಜಾಗ ಕಡಿಮೆ, ಹುಡುಗರ ಹಾಡು ಆರು ತಿಂಗಳ ಹುಚ್ಚು ಎಂದು ತಿಳಿದವರು ಅವರೊಬ್ಬರೇ ಅಲ್ಲ. ಯಾವುದು ಉಳಿಯುತ್ತದೆಂದು ಆಯಾ ಕಾಲದವರಿಗೆ ಗೊತ್ತಾಗುವುದಿಲ್ಲ. ಬೀಟಲ್ಸ್ ಜಗತ್ತಿನಲ್ಲೇ ಅತಿ ಹೆಚ್ಚು ಅಭಿಮಾನಿಗಳಿದ್ದ ತಂಡವಾದ್ದರಿಂದ ಅವರ ಟೇಪು ಹುಡುಕಿ ತೆಗೆಯುವವರು ಇದ್ದರು. ಅದೇ ಸ್ಟುಡಿಯೋಗಳಲ್ಲಿ, ಅದೇ ವಾರಗಳಲ್ಲಿ ಹಾಡಿಹೋದ ಬೇರೆ ತಂಡಗಳೂ ಇದ್ದವು. ಅವುಗಳ ಹಾಡಿನ ಮೇಲೂ ಮತ್ತೊಂದು ಕಾರ್ಯಕ್ರಮ ಮುದ್ರಣವಾಯಿತು. ಅವುಗಳಿಗಾಗಿ ರೇಡಿಯೋದ ಪಕ್ಕ ಯಂತ್ರ ಹಿಡಿದು ಕುಳಿತವರು ಎಷ್ಟು ಮಂದಿ ಇದ್ದಾರು?